ಬರವಣಿಗೆಯ ಹದ: ‘ಲುಕ್ ಫಾರ್ವರ್ಡ್ ಟು’ ಎಂಬ ಮಾತು

ನಮ್ಮ ಮನೆಗಳಿಂದ ಹೊರಡುವ ಇಂಗ್ಲಿಷು ಕಾಗದಗಳ ಕಡೆಯ ಸಾಲನ್ನು ಗಮನಿಸುತ್ತ ಬಂದವರಿಗೆ ಒಂದು ಸಂಗತಿ ತಿಳಿದೇ ಇರುವುದು. ಕಾಗದದ ಮೊದಲು ಹೇಗಾದರೂ ಇರಲಿ, ನಡುವೆ ಯಾವ ವಿಷಯವಾದರೂ ಬರಲಿ, ಮುಗಿಸುವ ಹೊತ್ತಿಗೆ ‘ಲುಕಿಂಗ್ ಫಾರ್ವರ್ಡ್’ ಎಂಬ ಎರಡು ಪದಗಳು ಬಂದೇ ಬರುವುವು. ಕೆಲಸಕ್ಕೆ ಅರ್ಜಿ ಹಾಕುವ ಹುಡುಗನು ಇದನ್ನು ಬರೆಯುತ್ತಾನೆ. ಮಗಳಿಗೆ ಸೀಟು ದೊರೆಯುವುದೋ ಇಲ್ಲವೋ ಎಂದು ಕಾಲೇಜನ್ನು ವಿಚಾರಿಸುವ ತಂದೆಯು ಬರೆಯುತ್ತಾನೆ. ಕಡಲಾಚೆ ಹುಟ್ಟಿ ಬೆಳೆದು ಕನ್ನಡದ ಅಕ್ಷರವನ್ನೇ ಕಲಿಯದ ಮೊಮ್ಮಗುವಿಗೆ ಇಂಗ್ಲಿಷಿನಲ್ಲಿಯೇ ನಾಲ್ಕು ಸಾಲು ಬರೆಯಬೇಕಾಗಿ ಬಂದಿರುವ ಅಜ್ಜಿಯೂ ಬರೆಯುತ್ತಾಳೆ. ಅಂಚೆಯ ಕಾಗದ ಹೋಗಿ ಈ-ಮೇಲು ಬಂದಿತು; ಆದರೆ ಈ ಸಾಲು ಮಾತ್ರ ಹೋಗಲಿಲ್ಲ. ಮೊದಲಿನ ನಾಲ್ಕಾರು ಅಕ್ಷರಗಳನ್ನು ಒತ್ತುವಷ್ಟರಲ್ಲಿ ಕೈಯಲ್ಲಿರುವ ಫೋನೇ ಉಳಿದುದನ್ನು ಮುಂದೊಡ್ಡುವ ಕಾಲ ಇದು. ಇಷ್ಟು ಬಳಕೆಯ ಮಾತಾಗಿದ್ದರೂ ಇದನ್ನು ನೆಟ್ಟಗೆ ಬರೆಯುವವರು ಕಡಮೆ. ಎಲ್ಲಿ ಬರೆಯಬಾರದೆಂಬುದನ್ನು ಬಲ್ಲವರು ಇನ್ನೂ ಕಡಮೆ. ಆದಕಾರಣ ಈ ತಿಂಗಳ ಪುಟವನ್ನು ಈ ಒಂದು ಮಾತಿಗೇ ಬಿಟ್ಟಿದ್ದೇನೆ.

ಮೊದಲು ಎಲ್ಲರ ಕಣ್ಣಿಗೂ ಬೀಳುವ ತಪ್ಪನ್ನು ನೋಡೋಣ. ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ’ ಎಂದು ಬಹುಮಂದಿ ಬರೆಯುತ್ತಾರೆ. ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ’ ಎಂಬುದೇ ಸರಿಯಾದ ರೂಪ. ವ್ಯತ್ಯಾಸವು ‘ಇಂಗ್’ ಎಂಬ ಒಂದು ಪ್ರತ್ಯಯದಷ್ಟು ಮಾತ್ರ. ಇಷ್ಟಕ್ಕೇ ಅರ್ಥ ಕೆಡುವುದೆ ಎಂದು ಕೇಳಿದರೆ, ಕೆಡುವುದಿಲ್ಲ. ಓದಿದವನಿಗೆ ಅಭಿಪ್ರಾಯ ತಿಳಿದೇ ತಿಳಿಯುವುದು. ಆದರೆ ಅರ್ಜಿಯನ್ನು ಓದುವ ಅಧಿಕಾರಿಯ ಕಣ್ಣಿನಲ್ಲಿ ಕಟ್ಟಕಡೆಗೆ ನಿಲ್ಲುವುದು ಕಡೆಯ ಸಾಲೇ. ಎರಡು ಪುಟಗಳನ್ನು ನಿರ್ದುಷ್ಟವಾಗಿ ಬರೆದ ಹುಡುಗಿಯ ಶ್ರಮದ ಮೇಲೆ ಈ ಒಂದು ತಪ್ಪು ಮಸಿಯ ಬೊಟ್ಟಿನಂತೆ ಕುಳಿತುಬಿಡುತ್ತದೆ. ಇದು ನ್ಯಾಯವೆಂದು ನಾನು ಹೇಳುವುದಿಲ್ಲ. ಹೆರರ ಭಾಷೆಯಲ್ಲಿ ಪ್ರತ್ಯಯವೊಂದನ್ನು ತಪ್ಪಿದವಳು ಕೆಲಸದಲ್ಲಿಯೂ ತಪ್ಪುವಳೆಂದು ಎಣಿಸುವುದು ಅವಿವೇಕವೇ ಸರಿ. ಆದರೂ ಲೋಕದ ನಡೆ ಹೀಗಿರಲಾಗಿ, ಹತ್ತು ನಿಮಿಷದಲ್ಲಿ ಕಲಿಯಬಹುದಾದುದನ್ನು ಕಲಿಯದೆ ನಷ್ಟಪಡುವುದೇಕೆ?

ತಪ್ಪಿನ ಮೂಲವೆಲ್ಲ ‘ಟು’ ಎಂಬ ಸಣ್ಣ ಪದದಲ್ಲಿದೆ. ಇಂಗ್ಲಿಷಿನಲ್ಲಿ ಈ ‘ಟು’ ಎಂಬ ಹೆಸರಿನವರು ಇಬ್ಬರಿದ್ದಾರೆ. ಒಂದೇ ಉಡುಪು, ಒಂದೇ ಮುಖ. ಒಬ್ಬನು ಕ್ರಿಯಾಪದದ ಮುಂದೆ ನಿಂತು ‘ನೋಡಲು’, ‘ಮಾಡಲು’, ‘ಕೇಳಲು’ ಎಂಬಲ್ಲಿನ ‘ಅಲು’ ಪ್ರತ್ಯಯದ ಕೆಲಸವನ್ನು ಮಾಡತಕ್ಕವನು. ‘ಐ ವಾಂಟ್ ಟು ಸೀ’, ‘ಐ ಹೋಪ್ ಟು ಹಿಯರ್’ ಎಂಬ ವಾಕ್ಯಗಳಲ್ಲಿ ಇರುವವನು ಇವನು. ಇನ್ನೊಬ್ಬನು ನಾಮಪದದ ಮುಂದೆ ನಿಂತು ನಮ್ಮ ಚತುರ್ಥೀ ವಿಭಕ್ತಿಯ ‘ಗೆ’, ‘ಕ್ಕೆ’ಗಳ ಕೆಲಸವನ್ನು ಮಾಡತಕ್ಕವನು. ‘ಐ ವೆಂಟ್ ಟು ಮೈಸೂರು’ ಎಂದರೆ ಮೈಸೂರಿಗೆ ಹೋದೆನು. ‘ಲುಕ್ ಫಾರ್ವರ್ಡ್’ ಎಂಬುದರ ಹಿಂದೆ ಬರುವ ‘ಟು’ ಈ ಎರಡನೆಯವನು. ಇವನಿಗೆ ನಾಮಪದವೇ ಬೇಕು; ಬರಿಯ ಕ್ರಿಯಾಪದವನ್ನು ಕೊಟ್ಟರೆ ಒಪ್ಪುವುದಿಲ್ಲ. ‘ಹಿಯರ್’ ಎಂಬುದು ಬರಿಯ ಕ್ರಿಯೆ, ‘ಹಿಯರಿಂಗ್’ ಎಂಬುದು ಕ್ರಿಯೆಯ ಹೆಸರು, ಕೇಳುವುದು, ಕೇಳುವಿಕೆ. ನಮ್ಮ ವ್ಯಾಕರಣಗಳು ಇದನ್ನು ಕೃದಂತ ಭಾವನಾಮವೆಂದು ಕರೆಯುತ್ತವೆ.

‘ಇಂಗ್’ ಎಂದು ಮುಗಿಯುವ ಶಬ್ದಗಳು ಹೆಸರುಗಳಾಗುವುವೆಂಬುದು ಇಂಗ್ಲಿಷನ್ನು ಓದದವರಿಗೂ ಗೊತ್ತುಂಟು. ‘ಮೀಟಿಂಗು ಮುಗಿಯಿತು’, ‘ಬಿಲ್ಡಿಂಗು ಬಿದ್ದುಹೋಯಿತು’, ‘ಟ್ರೈನಿಂಗಿಗೆ ಹೋಗಿದ್ದಾನೆ’ ಎಂದು ದಿನವೂ ಆಡುವವರು ಅವುಗಳಿಗೆ ನಮ್ಮ ವಿಭಕ್ತಿಗಳನ್ನು ಹಚ್ಚಿಯೇ ಆಡುತ್ತಾರಲ್ಲವೆ? ಹೆಸರಲ್ಲದುದಕ್ಕೆ ವಿಭಕ್ತಿ ಹತ್ತದು.

ಈ ಇಬ್ಬರಲ್ಲಿ ಯಾರು ನಿಂತಿದ್ದಾರೆಂದು ಗುರುತಿಸುವುದಕ್ಕೆ ಒಂದು ಸುಲಭವಾದ ಪರೀಕ್ಷೆಯುಂಟು. ‘ಟು’ ಎಂಬುದರ ಹಿಂದೆ ‘ಇಟ್’ ಎಂಬ ಪದವನ್ನಿಟ್ಟು ನೋಡಬೇಕು. ‘ಐ ಲುಕ್ ಫಾರ್ವರ್ಡ್ ಟು ಇಟ್’: ವಾಕ್ಯವು ನಿಂತಿತು. ಹಾಗಾದರೆ ಅಲ್ಲಿ ಬೇಕಾದುದು ನಾಮಪದ. ಕ್ರಿಯೆಯನ್ನು ಹೇಳಬೇಕಾದರೆ ‘ಇಂಗ್’ ಹಚ್ಚಲೇಬೇಕು. ‘ಐ ಹೋಪ್ ಟು ಇಟ್’: ವಾಕ್ಯವು ಬಿದ್ದುಹೋಯಿತು. ಹಾಗಾದರೆ ಅಲ್ಲಿ ಬರಿಯ ಕ್ರಿಯಾಪದವೇ ಸರಿ. ಈ ಪರೀಕ್ಷೆಯನ್ನು ಕೈಯಲ್ಲಿಟ್ಟುಕೊಂಡವರು ಯಾವ ವ್ಯಾಕರಣ ಗ್ರಂಥವನ್ನೂ ತೆರೆಯಬೇಕಾದುದಿಲ್ಲ.

‘ಐ ಹೋಪ್ ಟು ಹಿಯರ್ ಫ್ರಮ್ ಯೂ’ ಎಂಬ ವಾಕ್ಯವು ನಿರ್ದುಷ್ಟವಾದುದು. ‘ಐ ಶಲ್ ಬಿ ಗ್ಲಾಡ್ ಟು ಹಿಯರ್ ಫ್ರಮ್ ಯೂ’ ಎಂಬುದೂ ಹಾಗೆಯೇ. ಇವುಗಳ ಬಾಲವನ್ನು ‘ಲುಕ್ ಫಾರ್ವರ್ಡ್’ ಎಂಬ ತಲೆಗೆ ಅಂಟಿಸಿದುದರಿಂದಲೇ ಈ ತಪ್ಪು ಹುಟ್ಟಿತೆಂದು ಕಾಣುತ್ತದೆ. ಇದು ನಮ್ಮವರೊಬ್ಬರ ತಪ್ಪೂ ಅಲ್ಲ. ಜರ್ಮನ್ ಭಾಷೆಯಲ್ಲಿ ಇದೇ ಅಭಿಪ್ರಾಯವನ್ನು ಹೇಳುವಾಗ ‘ಕೇಳಲು’ ಎಂಬ ರೂಪವನ್ನೇ ಬಳಸುವರಾದ್ದರಿಂದ ಇಂಗ್ಲಿಷು ಕಲಿಯುವ ಜರ್ಮನರೂ ಇಲ್ಲಿಯೇ ಎಡವುತ್ತಾರೆ.

ಕನ್ನಡಿಗನಿಗೆ ಎಡವುವುದಕ್ಕೆ ಕಾರಣ ಕಡಮೆ. ಏಕೆಂದರೆ ‘ಲುಕ್ ಫಾರ್ವರ್ಡ್ ಟು’ ಎಂಬುದಕ್ಕೆ ನಮ್ಮಲ್ಲಿ ‘ಎದುರುನೋಡು’ ಎಂಬ ಮಾತಿದೆ. ಒಂದರ ಅಚ್ಚಿನಲ್ಲಿ ಇನ್ನೊಂದನ್ನು ಎರಕ ಹೊಯ್ದಂತೆ ಇವು ಹೊಂದುತ್ತವೆ: ಅಲ್ಲಿಯೂ ನೋಡುವುದು, ಇಲ್ಲಿಯೂ ನೋಡುವುದು, ಅಲ್ಲಿ ಮುಂದಕ್ಕೆ, ಇಲ್ಲಿ ಎದುರಿಗೆ. ಬರತಕ್ಕ ಕಾಲವು ನಮ್ಮ ಮುಖದ ಕಡೆಗಿದೆ, ಕಳೆದ ಕಾಲವು ಬೆನ್ನ ಕಡೆಗಿದೆ ಎಂಬುದು ಎರಡು ಭಾಷೆಗಳ ಭಾವನೆಯೂ ಹೌದು; ‘ಮುಂದಿನ ವರ್ಷ’, ‘ಹಿಂದಿನ ವರ್ಷ’ ಎಂಬ ಮಾತುಗಳೇ ಇದಕ್ಕೆ ಸಾಕ್ಷಿ. ಇನ್ನು ವಾಕ್ಯರಚನೆಯನ್ನು ನೋಡಿರಿ. ‘ತಮ್ಮ ಉತ್ತರವನ್ನು ಎದುರುನೋಡುತ್ತೇನೆ’ ಎನ್ನುತ್ತೇವೆ. ‘ತಮ್ಮನ್ನು ಕಾಣುವುದನ್ನು ಎದುರುನೋಡುತ್ತೇನೆ’ ಎನ್ನುತ್ತೇವೆ. ಉತ್ತರವೆಂಬುದು ನಾಮಪದ, ಕಾಣುವುದೆಂಬುದು ಕ್ರಿಯೆಯ ಹೆಸರು. ವಿಭಕ್ತಿ ಬೇರೆಯಾದರೂ ಬೇಕಾದುದು ಹೆಸರೇ. ‘ತಮ್ಮನ್ನು ಕಾಣಲು ಎದುರುನೋಡುತ್ತೇನೆ’ ಎಂದು ಹಳೆಯ ಹದದಲ್ಲಿ ಬರೆಯುವವರು ಬರೆಯಲಾರರು. ಈಚೆಗೆ ಕೆಲವರು ಹಾಗೂ ಬರೆಯುತ್ತಿರುವುದುಂಟು; ಅದು ನಾವು ಇಂಗ್ಲಿಷಿನಲ್ಲಿ ಮಾಡಿದ ತಪ್ಪು ತಿರುಗಿ ನಮ್ಮ ಮನೆಗೇ ಬಂದು ಸೇರಿದುದು.

ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಒಂದು ಮಾತನ್ನು ಹೇಳಿ ಮುಂದುವರಿಯುತ್ತೇನೆ. ಈ ಇಬ್ಬರು ‘ಟು’ಗಳು ಮೂಲದಲ್ಲಿ ಒಬ್ಬನೇ. ಸಾವಿರ ವರ್ಷಗಳ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ‘ಟು’ ಎಂಬುದರ ಮುಂದೆ ಬರುವ ಕ್ರಿಯಾಪದವು ಚತುರ್ಥಿಯ ಪ್ರತ್ಯಯವನ್ನು ತಾಳಿ ನಾಮಪದದಂತೆಯೇ ನಿಲ್ಲುತ್ತಿದ್ದಿತು. ನಮ್ಮ ಆಡುಮಾತಿನ ‘ನೋಡಲಿಕ್ಕೆ’, ‘ಮಾಡಲಿಕ್ಕೆ’ ಎಂಬ ರೂಪಗಳನ್ನು ನೆನೆಯಿರಿ. ‘ನೋಡಲ್’ ಎಂಬುದಕ್ಕೆ ‘ಕ್ಕೆ’ ಹತ್ತಿರುವುದು ಸ್ಪಷ್ಟವಾಗಿಯೇ ಕಾಣುತ್ತದೆ. ಇಂಗ್ಲಿಷಿನಲ್ಲಿಯೂ ಹೀಗೆಯೇ ಇದ್ದಿತು. ಕಾಲಕ್ರಮದಲ್ಲಿ ಪ್ರತ್ಯಯಗಳೆಲ್ಲ ಸವೆದುಹೋಗಿ, ‘ಟು’ ಎಂಬುದು ಕ್ರಿಯಾಪದದ ಬರಿಯ ಗುರುತಾಗಿ ಉಳಿಯಿತು. ಇನ್ನೊಂದು ಕಡೆ ವಿಭಕ್ತಿಯ ಕೆಲಸವನ್ನೂ ಬಿಡದೆ ಮಾಡುತ್ತ ಬಂದಿತು. ಅಣ್ಣತಮ್ಮಂದಿರು ಪಾಲಾದ ಮೇಲೆ ಮನೆಗಳು ಬೇರೆಯಾದಂತೆ.

ಎರಡನೆಯ ‘ಟು’ವಿನ ಮನೆಯಲ್ಲಿ ‘ಲುಕ್ ಫಾರ್ವರ್ಡ್’ ಒಂದೇ ಅಲ್ಲ, ಬೇರೆ ನೆಂಟರೂ ಇದ್ದಾರೆ. ‘ಆಬ್ಜೆಕ್ಟ್ ಟು’, ‘ವಿತ್ ಎ ವ್ಯೂ ಟು’, ‘ಇನ್ ಅಡಿಷನ್ ಟು’ ಇವುಗಳ ಹಿಂದೆಯೂ ‘ಇಂಗ್’ ರೂಪವೇ ಬರಬೇಕು. ‘ವಿತ್ ಎ ವ್ಯೂ ಟು ಇಂಪ್ರೂವ್’ ಎಂದು ಸರಕಾರಿ ಕಾಗದಗಳಲ್ಲಿಯೂ ಕಾಣುವುದುಂಟು, ‘ಇಂಪ್ರೂವಿಂಗ್’ ಎಂದಿರಬೇಕು. ‘ಅಕಸ್ಟಮ್ಡ್ ಟು’ ಎಂಬುದರ ಹಿಂದೆ ಹಳೆಯ ಗ್ರಂಥಕಾರರು ಬರಿಯ ಕ್ರಿಯಾಪದವನ್ನೂ ಬಳಸಿದ್ದಾರಾದ್ದರಿಂದ ಅದನ್ನು ತಪ್ಪೆಂದು ಕೆಂಪು ಮಸಿಯಿಂದ ಹೊಡೆಯಬೇಕಾದುದಿಲ್ಲ. ಹೆಚ್ಚು ಜನರನ್ನು ಕಾಡುವುದು ‘ಯೂಸ್ಡ್ ಟು’ ಎಂಬುದು. ‘ಐ ಯೂಸ್ಡ್ ಟು ವಾಕ್’ ಎಂದರೆ ಮೊದಲು ನಡೆಯುತ್ತಿದ್ದೆನು, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ವಾಕಿಂಗ್’ ಎಂದರೆ ನಡೆದು ನಡೆದು ರೂಢಿಯಾಗಿದೆ. ಮೊದಲನೆಯದರಲ್ಲಿ ‘ಇಟ್’ ನಿಲ್ಲದು, ಎರಡನೆಯದರಲ್ಲಿ ನಿಲ್ಲುವುದು. ಪರೀಕ್ಷೆ ಇಲ್ಲಿಯೂ ಅದೇ.

ಇನ್ನು ‘ಟು’ವನ್ನೇ ಕೈಬಿಟ್ಟು ‘ಫಾರ್’ ಎಂಬುದನ್ನು ತರುವವರ ವಿಚಾರ. ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಎಂಬ ಸಾಲನ್ನು ನಮ್ಮ ದೇಶದ ಕಾಗದಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಇದಕ್ಕೆ ಕಾರಣವೂ ನಮ್ಮ ಭಾಷೆಯಲ್ಲಿಯೇ ದೊರೆಯುತ್ತದೆ. ‘ಉತ್ತರಕ್ಕಾಗಿ ಕಾಯುತ್ತೇನೆ’ ಎಂಬುದು ಮನಸ್ಸಿನಲ್ಲಿ ಮೊದಲು ಏಳುವ ವಾಕ್ಯ. ಆ ‘ಆಗಿ’ ಎಂಬುದೇ ‘ಫಾರ್’ ಆಗಿ ಇಳಿಯುತ್ತದೆ. ಕಾಯುವುದಕ್ಕೆ ‘ವೇಟ್ ಫಾರ್’ ಎಂಬುದು ಸರಿ. ಎದುರುನೋಡುವುದಕ್ಕೆ ‘ಟು’ ಒಂದೇ. ‘ಲುಕ್ ಫಾರ್’ ಎಂದು ಬರೆದರಂತೂ ಕಳೆದುಹೋದ ವಸ್ತುವನ್ನು ಹುಡುಕುವುದೆಂದಾಗುವುದು.

ಕನ್ನಡವು ದಾರಿ ತಪ್ಪಿಸುವ ಇನ್ನೊಂದು ಸ್ಥಳವುಂಟು. ‘ನೀವು ಬರುತ್ತೀರೆಂದು ಎದುರುನೋಡುತ್ತಿದ್ದೇನೆ’ ಎಂದು ನಾವು ಧಾರಾಳವಾಗಿ ಹೇಳಬಹುದು. ‘ಎಂದು’ ಎಂಬ ಅವ್ಯಯವು ಒಂದು ಇಡೀ ವಾಕ್ಯವನ್ನು ಹೊತ್ತು ತರಬಲ್ಲುದು. ಇಂಗ್ಲಿಷಿನ ಈ ಮಾತಿಗೆ ಆ ಶಕ್ತಿಯಿಲ್ಲ. ‘ಐ ಲುಕ್ ಫಾರ್ವರ್ಡ್ ದ್ಯಾಟ್ ಯೂ ವಿಲ್ ಕಮ್’ ಎಂದು ಬರೆಯಲಾಗದು. ‘ಐ ಲುಕ್ ಫಾರ್ವರ್ಡ್ ಟು ಯುವರ್ ಕಮಿಂಗ್’ ಎಂದಾಗಲಿ, ‘ಟು ದಿ ಡೇ ವೆನ್ ಯೂ ಕಮ್’ ಎಂದಾಗಲಿ ಬರೆಯಬೇಕು. ವಾಕ್ಯವನ್ನು ಮಡಿಸಿ ಹೆಸರು ಮಾಡಿ ಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತದೆ.

‘ಯುವರ್ ಕಮಿಂಗ್’ ಎಂದೆನಷ್ಟೆ. ಇಲ್ಲಿ ‘ಯೂ ಕಮಿಂಗ್’ ಎಂದರಾಗದೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯ ಮೇಲೆ ದೊಡ್ಡವರೇ ಕಾದಾಡಿದ್ದಾರೆ. ಎಚ್. ಡಬ್ಲ್ಯು. ಫೌಲರ್ ಎಂಬ ಇಂಗ್ಲಿಷು ಪಂಡಿತನು ೧೯೨೬ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧವಾದ ಪ್ರಯೋಗಕೋಶದಲ್ಲಿ ‘ಯೂ ಕಮಿಂಗ್’ ಎಂಬಂಥ ರೂಪಗಳನ್ನು ಕಟುವಾಗಿ ಖಂಡಿಸಿದನು. ಬರುವಿಕೆಯು ನಿಮ್ಮದಾದುದರಿಂದ ‘ಯುವರ್’ ಎಂದೇ ಇರತಕ್ಕದ್ದೆಂಬುದು ಅವನ ವಾದ. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞನಾದ ಆಟೋ ಯೆಸ್ಪರ್ಸನ್ ಇದನ್ನು ಒಪ್ಪಲಿಲ್ಲ. ಒಳ್ಳೆಯ ಗ್ರಂಥಕಾರರ ಬರವಣಿಗೆಯಿಂದಲೇ ಉದಾಹರಣೆಗಳನ್ನೆತ್ತಿ ಆ ರೂಪವೂ ಭಾಷೆಗೆ ಸಹಜವಾದುದೆಂದು ತೋರಿಸಿದನು. ಕನ್ನಡಿಗನು ಈ ಜಗಳವನ್ನು ನೋಡಿ ಮುಗುಳ್ನಗಬಹುದು. ನಮ್ಮಲ್ಲಿ ‘ನಿಮ್ಮ ಬರುವಿಕೆ’ ಎಂದು ಷಷ್ಠಿಯಲ್ಲಿಯೂ ‘ನೀವು ಬರುವುದು’ ಎಂದು ಪ್ರಥಮೆಯಲ್ಲಿಯೂ ಹೇಳುತ್ತೇವೆ. ಎರಡೂ ಶುದ್ಧ, ಯಾರೂ ಯಾರನ್ನೂ ಖಂಡಿಸಿಲ್ಲ. ಇಂಗ್ಲಿಷಿನಲ್ಲಿ ಇಂದು ಆಡುಮಾತಿಗೆ ‘ಯೂ ಕಮಿಂಗ್’ ಸಲ್ಲುತ್ತದೆ. ಬರವಣಿಗೆಯಲ್ಲಿ, ಅದರಲ್ಲಿಯೂ ಪರಿಚಯವಿಲ್ಲದವರಿಗೆ ಬರೆಯುವಾಗ, ‘ಯುವರ್ ಕಮಿಂಗ್’ ಎಂಬುದೇ ಕ್ಷೇಮ.

ಅರ್ಜಿ ಬರೆಯುವವರಿಗೆ ಬೇಕಾದ ಇನ್ನೆರಡು ಸಣ್ಣ ವಿಷಯಗಳು. ತನ್ನನ್ನು ಸಂದರ್ಶನಕ್ಕೆ ಕರೆಯುವರೆಂದು ಎದುರುನೋಡುವವನು ‘ಟು ಬಿ ಕಾಲ್ಡ್’ ಎಂದು ಬರೆಯದೆ ‘ಟು ಬೀಯಿಂಗ್ ಕಾಲ್ಡ್’ ಎಂದು ಬರೆಯಬೇಕು. ಕರ್ಮಣಿ ಪ್ರಯೋಗವೆಂದು ನಿಯಮವು ಸಡಿಲವಾಗುವುದಿಲ್ಲ. ಎರಡು ಕ್ರಿಯೆಗಳನ್ನು ಜೋಡಿಸುವಾಗ ಮೊದಲನೆಯದಕ್ಕೆ ಕೊಟ್ಟ ರೂಪವನ್ನೇ ಎರಡನೆಯದಕ್ಕೂ ಕೊಡಬೇಕು: ‘ಟು ಮೀಟಿಂಗ್ ಯೂ ಅಂಡ್ ಹಿಯರಿಂಗ್ ಯುವರ್ ವ್ಯೂಸ್’. ಮೊದಲು ‘ಮೀಟಿಂಗ್’ ಎಂದು ಎಚ್ಚರಿಕೆಯಿಂದ ಬರೆದು, ಆಮೇಲೆ ಮೈಮರೆತು ‘ಅಂಡ್ ಟು ಹಿಯರ್’ ಎಂದು ಇಳಿಸಿಬಿಡುವವರು ಬಹಳ. ‘ಫಾರ್ವರ್ಡ್’ ಎಂಬುದನ್ನು ಕೆಲವರು ಮುನ್ನುಡಿಯೆಂಬ ಅರ್ಥದ ಇನ್ನೊಂದು ಪದದ ಅಕ್ಷರಗಳಿಂದ ಬರೆಯುವುದನ್ನೂ ಕಂಡಿದ್ದೇನೆ. ಕಿವಿಗೆ ಎರಡೂ ಒಂದೇ, ಕಣ್ಣಿಗೆ ಬೇರೆ.

‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಎಂದು ಕರ್ತೃಪದವಿಲ್ಲದೆ ಬರೆದು ಚುಕ್ಕೆಯಿಟ್ಟು ನಿಲ್ಲಿಸುವ ಪದ್ಧತಿಯು ಈಗ ಎಲ್ಲ ಕಡೆಗೂ ಹರಡಿದೆ. ಇದರ ಹಿಂದೆ ಒಂದು ಕಥೆಯಿದೆ. ಹಿಂದಿನ ಕಾಲದ ಇಂಗ್ಲಿಷು ಕಾಗದಗಳಲ್ಲಿ ಈ ಸಾಲು ಚುಕ್ಕೆಯಲ್ಲಿ ನಿಲ್ಲುತ್ತಿರಲಿಲ್ಲ. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ, ಐ ರಿಮೇನ್, ಸರ್, ಯುವರ್ಸ್ ಫೇತ್‌ಫುಲಿ’ ಎಂದು ಹರಿದು ಸಹಿಯೊಳಗೆ ಸೇರುತ್ತಿದ್ದಿತು. ನಮ್ಮ ಹಿರಿಯರು ‘ತಮ್ಮ ಉತ್ತರವನ್ನೇ ಎದುರುನೋಡುತ್ತಿರುವ, ಇಂತಿ ತಮ್ಮ ವಿಧೇಯ’ ಎಂದು ಬರೆದು ಕೆಳಗೆ ಹೆಸರು ಹಾಕುತ್ತಿದ್ದರಲ್ಲ, ಅದೇ ಕ್ರಮ. ನೋಡುತ್ತಿರುವವನು ಯಾರು ಎಂಬ ಪ್ರಶ್ನೆಗೆ ಸಹಿಯೇ ಉತ್ತರ. ಕಾಲ ಕಳೆದಂತೆ ‘ಐ ರಿಮೇನ್’ ಎಂಬುದು ಉದುರಿಹೋಗಿ ಮೊದಲಿನ ತುಂಡು ಮಾತ್ರ ಆಧಾರವಿಲ್ಲದೆ ತೂಗಾಡುತ್ತಿದೆ. ಸ್ನೇಹಿತರಿಗೆ ಬರೆಯುವಾಗ ಇದರಿಂದ ಬಾಧಕವೇನೂ ಇಲ್ಲ. ಅಧಿಕಾರಿಗಳಿಗೆ ಬರೆಯುವಾಗ ‘ಐ ಲುಕ್ ಫಾರ್ವರ್ಡ್’ ಎಂದು ಕರ್ತೃವಿನೊಡನೆ ಪೂರ್ಣವಾಕ್ಯವಾಗಿ ಬರೆಯುವುದೇ ಮರ್ಯಾದೆ. ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಎಂದರೆ ತಪ್ಪಲ್ಲ. ಅದರಲ್ಲಿ ಸ್ವಲ್ಪ ಸಲಿಗೆಯೂ ಬಿಸಿಯೂ ಹೆಚ್ಚು. ಅಣ್ಣನ ಮಗಳ ಮದುವೆಗೆ ಅದು ಒಪ್ಪುವುದು. ಬ್ಯಾಂಕಿನ ವ್ಯವಸ್ಥಾಪಕರಿಗೆ ಅಷ್ಟು ಬಿಸಿ ಬೇಡ.

ಇಲ್ಲಿಯವರೆಗಿನದು ವ್ಯಾಕರಣದ ಮಾತಾಯಿತು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ದೊಡ್ಡದಾದ ಇನ್ನೊಂದು ಎಚ್ಚರಿಕೆಯುಂಟು. ಪ್ರತ್ಯಯವನ್ನು ಸರಿಯಾಗಿ ಬರೆದವರೂ ಅಲ್ಲಿ ತಪ್ಪುತ್ತಾರೆ. ನಮ್ಮ ‘ನಿರೀಕ್ಷಿಸು’ ಎಂಬ ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ: ‘ಎಕ್ಸ್‌ಪೆಕ್ಟ್’, ‘ಅವೇಟ್’, ‘ಲುಕ್ ಫಾರ್ವರ್ಡ್ ಟು’. ನಾವು ಒಂದೇ ಪಾತ್ರೆಯಿಂದ ಮೂರನ್ನೂ ಬಡಿಸುವವರಾದ್ದರಿಂದ ಅವುಗಳ ರುಚಿಭೇದವು ನಮಗೆ ಬೇಗನೆ ತಿಳಿಯುವುದಿಲ್ಲ.

‘ಐ ಎಕ್ಸ್‌ಪೆಕ್ಟ್ ಯುವರ್ ರಿಪ್ಲೈ’ ಎಂದು ಬರೆದರೆ, ನೀವು ಉತ್ತರ ಕೊಡಲೇಬೇಕು, ಕೊಡದಿದ್ದರೆ ತಪ್ಪು ನಿಮ್ಮದು ಎಂಬ ಧ್ವನಿ ಹೊರಡುತ್ತದೆ. ಮೇಲಿನವನು ಕೆಳಗಿನವನಿಗೆ, ಸಾಲ ಕೊಟ್ಟವನು ಸಾಲಗಾರನಿಗೆ ಬರೆಯುವ ಮಾತು ಅದು. ಕೆಲಸ ಬೇಡುವವನು ಕೆಲಸ ಕೊಡುವವನಿಗೆ ಇದನ್ನು ಬರೆದರೆ ಓದುವವನ ಹುಬ್ಬು ಗಂಟಾಗುವುದು ಸಹಜ. ಬರೆದವನ ಮನಸ್ಸಿನಲ್ಲಿದ್ದುದು ಮಾತ್ರ ಕೈಮುಗಿಯುವ ವಿನಯವೇ. ‘ಐ ಅವೇಟ್ ಯುವರ್ ರಿಪ್ಲೈ’ ಎಂಬುದರಲ್ಲಿ ಅಧಿಕಾರವೂ ಇಲ್ಲ, ಪ್ರೀತಿಯೂ ಇಲ್ಲ. ವಕೀಲರ ನೋಟೀಸಿನ ಒಣಗಿದ ಮಾತು. ‘ಲುಕ್ ಫಾರ್ವರ್ಡ್ ಟು’ ಎಂಬುದೊಂದರಲ್ಲಿಯೇ ಸಂತೋಷವಿದೆ. ಬರುವುದು ಬಂದರೆ ನನಗೆ ಹಿತ, ಅದಕ್ಕಾಗಿ ಮನಸ್ಸು ಮುಂದೆ ಓಡಿದೆ ಎಂಬುದು ಅದರ ತಿರುಳು. ಉತ್ತರ ಬರುವುದೋ ಇಲ್ಲವೋ ಎಂಬ ಸಂದೇಹವಿದ್ದಲ್ಲಿ ‘ಐ ಹೋಪ್ ಟು ಹಿಯರ್’ ಎಂಬ ತಗ್ಗಿದ ಮಾತು ಮೇಲು. ‘ಎಕ್ಸ್‌ಪೆಕ್ಟ್’ ಎಂಬುದಕ್ಕೆ ಮನೆಮಾತಿನಲ್ಲಿ ಇನ್ನೊಂದು ಅರ್ಥವೂ ಇರುವುದರಿಂದ, ಸೊಸೆಯು ಪರೀಕ್ಷೆಯ ಫಲಿತಾಂಶವನ್ನು ಕಾಯುತ್ತಿದ್ದಾಳೆಂದು ಹೇಳುವುದಕ್ಕೆ ಹೊರಟು ‘ಶೀ ಈಸ್ ಎಕ್ಸ್‌ಪೆಕ್ಟಿಂಗ್’ ಎಂದಷ್ಟೇ ಬರೆದು ನಿಲ್ಲಿಸಿದರೆ, ಬೀಗರ ಮನೆಯಿಂದ ಅಭಿನಂದನೆಗಳು ಬಂದಾವು!

ಮೊದಲು ಹೇಳಿದ ಅಜ್ಜಿಯನ್ನು ನೆನೆಯೋಣ. ಮೊಮ್ಮಗನು ಅಮೆರಿಕದಲ್ಲಿದ್ದಾನೆ, ಹದಿನಾರು ವರ್ಷ. ಬೇಸಿಗೆಯ ರಜೆಗೆ ಬರುವ ಮಾತಿದೆ. ಆಕೆ ಕನ್ನಡದಲ್ಲಿ ಯೋಚಿಸಿ, ‘ನಿನ್ನನ್ನು ನಿರೀಕ್ಷಿಸುತ್ತಿದ್ದೇವೆ’ ಎಂಬುದನ್ನು ನಿಘಂಟಿನ ಮೂಲಕ ‘ವೀ ಎಕ್ಸ್‌ಪೆಕ್ಟ್ ಯೂ ಇನ್ ಜೂನ್’ ಎಂದು ಇಳಿಸುತ್ತಾಳೆ. ವ್ಯಾಕರಣದ ತಪ್ಪು ಎಳ್ಳಷ್ಟೂ ಇಲ್ಲ. ಆದರೆ ಅಲ್ಲಿ ಓದುವ ಹುಡುಗನಿಗೆ ಅದು ಜೂನಿನಲ್ಲಿ ಹಾಜರಾಗತಕ್ಕದ್ದೆಂಬ ಅಪ್ಪಣೆಯಂತೆ ಕೇಳಿಸಬಹುದು. ‘ವೀ ಆರ್ ಲುಕಿಂಗ್ ಫಾರ್ವರ್ಡ್ ಟು ಹ್ಯಾವಿಂಗ್ ಯೂ ಹಿಯರ್ ಇನ್ ಜೂನ್’ ಎಂದಿದ್ದರೆ, ಹಾದಿ ನೋಡುತ್ತ ಬಾಗಿಲಲ್ಲಿ ಕುಳಿತಿರುವ ಆಕೆಯ ಚಿತ್ರವು ಅವನ ಕಣ್ಣಿಗೆ ಕಟ್ಟುತ್ತಿದ್ದಿತು. ಒಂದೇ ಮನೆಯವರ ನಡುವೆ ಎರಡು ಭಾಷೆಗಳು ಬಂದು ನಿಂತಿರುವ ಈ ಕಾಲದಲ್ಲಿ ಇಂತಹ ಮಾತೊಂದರ ಹದವು ಅಂಕ ಗಳಿಸುವ ವಿಷಯವಾಗಿ ಮಾತ್ರ ಉಳಿದಿಲ್ಲ. ಹಾದಿ ಕಾಯುವುದು, ಬರವನ್ನು ಹಾರೈಸುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಎಂದು ಎಷ್ಟೆಷ್ಟೋ ಮಾತುಗಳು ನಮ್ಮಲ್ಲಿವೆ. ಆ ಮಗುವಿಗೆ ಅವು ಯಾವುವೂ ತಲುಪಲಾರವು. ತಲುಪುವ ಮಾತು ಇದೊಂದೇ.

ಸಂತೋಷದ ಮಾತಾದುದರಿಂದಲೇ ಇದನ್ನು ಹರಿತವಾದ ಆಯುಧವನ್ನಾಗಿ ಬಳಸುವುದೂ ಉಂಟು. ‘ವೀ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ಯುವರ್ ಪೇಮೆಂಟ್’ ಎಂದು ಅಂಗಡಿಯವರು ಬರೆದರೆ ಅದರ ಭಾವಾರ್ಥವನ್ನು ವಿವರಿಸಬೇಕಾದುದಿಲ್ಲ. ಕಾಲವನ್ನು ಬದಲಾಯಿಸಿದರೂ ಅರ್ಥವು ತಿರುಗುವುದು. ‘ವೀ ಹ್ಯಾಡ್ ಬೀನ್ ಲುಕಿಂಗ್ ಫಾರ್ವರ್ಡ್ ಟು ದಿ ವೆಡ್ಡಿಂಗ್’ ಎಂದು ಭೂತಕಾಲದಲ್ಲಿ ಬರೆದರೆ, ಬರಬೇಕೆಂದು ಆಸೆಯಿಂದ ಇದ್ದೆವು, ಈಗ ಬರಲಾಗದು ಎಂಬ ವ್ಯಥೆಯು ಹೇಳದೆಯೇ ತಿಳಿಯುತ್ತದೆ. ಮದುವೆಗೆ ಹೋಗಲಾಗದೆ ಬರೆಯುವ ಕಾಗದಕ್ಕೆ ಇದಕ್ಕಿಂತ ಒಪ್ಪುವ ವಾಕ್ಯವಿಲ್ಲ. ಹೋಗತಕ್ಕವರು ಮಾತ್ರ ಭೂತಕಾಲವನ್ನು ಮುಟ್ಟಬಾರದು. ಅಡಿಗೆಯವರ ಲೆಕ್ಕ ತಪ್ಪೀತು.

ಕಡೆಗೆ ಒಂದು ಕಷ್ಟದ ಪ್ರಸಂಗ. ಕನ್ನಡದ ‘ಎದುರುನೋಡು’ ಎಂಬುದು ಸುಖದುಃಖಗಳೆರಡಕ್ಕೂ ಸಲ್ಲುವ ಮಾತು. ಹಾಸಿಗೆ ಹಿಡಿದ ಮುದುಕರು ಸಾವನ್ನು ಎದುರುನೋಡುತ್ತಿದ್ದಾರೆಂದು ನಾವು ಸಂಕಟದಿಂದಲೇ ಹೇಳುತ್ತೇವೆ. ಇಂಗ್ಲಿಷಿನ ಮಾತಿಗೆ ಈ ವಿಶಾಲತೆಯಿಲ್ಲ. ಅಹಿತವಾದುದರೊಡನೆ ಇದನ್ನು ಬಳಸಬೇಕಾದರೆ ‘ನಾಟ್’ ಸೇರಿಸಿ, ‘ಐ ಆಮ್ ನಾಟ್ ಲುಕಿಂಗ್ ಫಾರ್ವರ್ಡ್ ಟು ದಿ ಆಪರೇಷನ್’ ಎಂದು ನಿಷೇಧರೂಪದಲ್ಲಿ ಬಳಸಬೇಕು. ಶಸ್ತ್ರಚಿಕಿತ್ಸೆಯೆಂದರೆ ಅಂಜಿಕೆ ಎಂಬುದನ್ನು ಅವರು ಹೀಗೆ ಮೆಲ್ಲನೆ ಹೇಳುತ್ತಾರೆ. ಆದರೆ ಲಂಡನ್ನಿನಲ್ಲಿಯೋ ಸಿಡ್ನಿಯಲ್ಲಿಯೋ ಉದ್ಯೋಗದಲ್ಲಿರುವ ನಮ್ಮ ಹುಡುಗನೊಬ್ಬನಿಗೆ, ಜತೆಯಲ್ಲಿ ಕೆಲಸ ಮಾಡುವವರ ತಾಯಿ ತೀರಿಹೋದರೆಂದೂ ಶುಕ್ರವಾರ ಅಂತ್ಯಕ್ರಿಯೆಯೆಂದೂ ಸುದ್ದಿ ಬರುತ್ತದೆನ್ನೋಣ. ಅವನು ಒಳ್ಳೆಯ ಮನಸ್ಸಿನಿಂದ ನಾಲ್ಕು ಸಾಲು ಸಮಾಧಾನ ಬರೆದು, ಕೈಗೆ ರೂಢಿಯಾದುದರಿಂದ ಕಡೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ಯೂ ಆನ್ ಫ್ರೈಡೇ’ ಎಂದು ಸೇರಿಸಿಬಿಡುವುದು ಬಹು ಸುಲಭ. ‘ಇಂಗ್’ ಸರಿಯಾಗಿದೆ, ‘ಟು’ ಸರಿಯಾಗಿದೆ; ಆದರೂ ತಾಯಿಯನ್ನು ಕಳೆದುಕೊಂಡವರು ಓದತಕ್ಕ ಸಾಲು ಅದಲ್ಲ. ಫೋನು ತಾನಾಗಿ ಮುಂದೊಡ್ಡಿದರೂ ಅಲ್ಲಿ ಅದನ್ನು ಅಳಿಸಬೇಕು. ‘ಐ ಶಲ್ ಬಿ ದೇರ್ ಆನ್ ಫ್ರೈಡೇ’, ಶುಕ್ರವಾರ ಬರುತ್ತೇನೆ, ಎಂದಷ್ಟು ಬರೆದು ಸಹಿ ಹಾಕಿದರೆ ಸಾಕು.